ಬಾಸಿಂಗದ ಬೆಂಡು ಮತ್ತು ಟಿವಿಯ ಬೊಬ್ಬೆ

ಆಗ ನನಗೆ ಎಪ್ಪತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ಎಪ್ಪತ್ತು ದಾಟಿದ ಹೆಂಗಸಿಗೆ ಎಂಥ ಆಸೆ ಇರುತ್ತದೆ ಎಂದು ಕೇಳಿದರೆ ಜನ ಕಾಶಿ, ರಾಮೇಶ್ವರ, ಮೊಮ್ಮಕ್ಕಳ ಮದುವೆ ಎಂದೆಲ್ಲ ತಾವೇ ಉತ್ತರ ಹೇಳಿಬಿಡುತ್ತಾರೆ. ನನಗೆ ಇದ್ದದ್ದು ಒಂದೇ ಆಸೆ. ಟಿವಿಯಲ್ಲಿ ಕಕ್ಕಸು ತೊಳೆಯುವ ನೀರು ಮಾರುತ್ತಾನಲ್ಲ ಆ ಗಂಡಸು, ಅವನು ಒಂದು ದಿನವಾದರೂ ಬಾಯಿ ಮುಚ್ಚಬೇಕು. ದೀಪ ಹಚ್ಚುವಾಗ ದೇವರ ಹತ್ತಿರವೂ ಇದನ್ನೇ ಬೇಡಿಕೊಂಡಿದ್ದೇನೆ. ದೇವರು ನಡೆಸಿಕೊಡಲಿಲ್ಲ. ಅವನಿಗೆ ಕೇಳಿಸಿರಲಿಕ್ಕೂ ಇಲ್ಲ, ಟಿವಿ ನಡೆಯುತ್ತಿತ್ತು.

ಟಿವಿಯ ಮೇಲೆ ನನಗೆ ದ್ವೇಷವಿಲ್ಲ. ಧಾರಾವಾಹಿಯನ್ನು ನಾನೂ ನೋಡುತ್ತೇನೆ. ಅದರಲ್ಲಿ ಮಾತಾಡುವವರೆಲ್ಲ ಮರ್ಯಾದಸ್ಥರು, ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ. ಹಾಲಿಗೆ ವಿಷ ಬೆರೆಸುವ ಓರಗಿತ್ತಿ ಪಿಸುಗುಡುತ್ತಾಳೆ, ಸಾಯುವ ಮಾವ ಅದಕ್ಕಿಂತ ಮೆಲ್ಲಗೆ ಸಾಯುತ್ತಾನೆ. ಮಾವ ಆಸ್ತಿ ಯಾರಿಗೆ ಅಂದನೆಂದು ಕೇಳಲಿಕ್ಕೆ ನಾವು ಕಿವಿ ಮುಂದೆ ಮಾಡಿ, ಸದ್ದು ಹೆಚ್ಚಿಸಿ ಕೂತಿರುತ್ತೇವೆ. ಅಷ್ಟರಲ್ಲಿ ಮಾವ ಮಾಯ. ಅವನ ಮಂಚವಿದ್ದ ಜಾಗದಲ್ಲಿ ಬಣ್ಣಬಣ್ಣದ ಸೀರೆಯ ಹೆಂಗಸರು ಹತ್ತು ಬಕೆಟ್ಟು ಬಡಿಯುತ್ತಾ, ಕೊಳೆ ಹೋಯಿತು ಕೊಳೆ ಹೋಯಿತು ಎಂದು ಕುಣಿಯುತ್ತಾರೆ. ನಮ್ಮ ಕಡೆ ಕಾಡುಹಂದಿ ಓಡಿಸಲಿಕ್ಕೂ ಯಾರೂ ಅಷ್ಟು ಜೋರಾಗಿ ಕೂಗುವುದಿಲ್ಲ. ಮಾರುವ ಸಾಮಾನು ಒಳ್ಳೆಯದಾಗಿದ್ದರೆ ಇಷ್ಟು ಬೊಬ್ಬೆ ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮಂಡಿನೋವಿನ ಎಣ್ಣೆಯವನು ಕೂಗುವ ರಭಸಕ್ಕೆ ನೋವಿಲ್ಲದವರಿಗೂ ಮಂಡಿ ನೋಯಬೇಕು. ಚಿನ್ನದ ಅಂಗಡಿಯವನು ಬನ್ನಿ ಬನ್ನಿ ಎಂದು ಕರೆಯುವುದು ಕೇಳಿದರೆ ಅಂಗಡಿಗೆ ಬೆಂಕಿ ಬಿದ್ದಿದೆ, ನೀರು ತನ್ನಿ ಅನ್ನುತ್ತಿದ್ದಾನೆ ಅನ್ನಿಸುತ್ತದೆ. ದೇವರ ತಾಯಿತ ಮಾರುವವನಂತೂ ದೇವರನ್ನೇ ಹೆದರಿಸಿ ಒಳಗೆ ಕೂರಿಸಿದವನ ಹಾಗೆ ಅರಚುತ್ತಾನೆ.

ಇದರಿಂದ ನನಗಾದ ನಷ್ಟ ಏನೆಂದು ತಿಳಿಯಬೇಕಾದರೆ ನನ್ನ ಕೆಲಸ ಏನೆಂದು ಹೇಳಬೇಕು. ಮದುವೆಯಲ್ಲಿ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುವುದು ನಮ್ಮ ಮನೆಯ ಕಸುಬು. ಸಾಗರದ ಪೇಟೆಯೊಳಗಿನ ಓಣಿಯಲ್ಲಿ ನಮ್ಮ ಮನೆ. ಬೀದಿಗೆ ಬಾಗಿಲು ತೆರೆಯುವ ಮುಂದಿನ ಕೋಣೆಯೇ ಕಾರ್ಖಾನೆ. ಕೆರೆಯಲ್ಲಿ ಬೆಳೆಯುವ ಬೆಂಡಿನ ಗಿಡವನ್ನು ಒಣಗಿಸಿ, ಸಿಪ್ಪೆ ಹೆರೆದರೆ ಒಳಗೆ ಬೆಳ್ಳಗೆ, ಹತ್ತಿಯಷ್ಟು ಹಗುರವಾದ ದಿಂಡು ಸಿಗುತ್ತದೆ. ಅದನ್ನು ಹಲಗೆಯ ಮೇಲಿಟ್ಟು ಎಡಗೈಯಲ್ಲಿ ಉರುಳಿಸುತ್ತಾ ಬಲಗೈಯ ಅಗಲ ಕತ್ತಿಯನ್ನು ತಾಗಿಸಿ ಹಿಡಿಯಬೇಕು. ಸುತ್ತಿದ ಚಾಪೆ ಬಿಚ್ಚಿಕೊಂಡ ಹಾಗೆ ತೆಳ್ಳನೆಯ ಹಾಳೆ ಹೊರಗೆ ಬರುತ್ತದೆ. ಹೂವು, ಎಸಳು, ಗೋಪುರ ಇವನ್ನೆಲ್ಲ ತುಂಡು ಹಾಳೆಯಲ್ಲಿ ಮಾಡಬಹುದು. ಹಣೆಪಟ್ಟಿ ಮಾತ್ರ ಒಂದೇ ಹಾಳೆಯದಾಗಬೇಕು, ತೇಪೆ ಕೂಡದು. ಪಟ್ಟಿಗೆ ತೇಪೆ ಬಿದ್ದರೆ ಸಂಸಾರಕ್ಕೂ ತೇಪೆ ಬೀಳುತ್ತದೆ ಎಂದು ನಮ್ಮಲ್ಲಿ ನಂಬಿಕೆ. ತೇಪೆಯಿಲ್ಲದ ಸಂಸಾರವನ್ನು ನಾನಂತೂ ಇದುವರೆಗೆ ಕಂಡಿಲ್ಲ. ಆದರೂ ಗಿರಾಕಿ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿಯೇ ತೆಗೆದುಕೊಳ್ಳುವುದು.

ಕತ್ತಿ ಹಿಡಿದಾಗ ಉಸಿರು ಕೂಡ ಅಳತೆಯಲ್ಲಿ ಬಿಡಬೇಕು. ಅಂಥ ಹೊತ್ತಿನಲ್ಲಿ ಹಿಂದಿನ ಕೋಣೆಯಿಂದ, ನಿಮ್ಮ ಕಕ್ಕಸು ನಿಜವಾಗಿ ಸ್ವಚ್ಛವಾಗಿದೆಯೇ ಎಂದು ಒಬ್ಬ ಗರ್ಜಿಸಿದರೆ ಏನಾಗಬೇಕು? ಕತ್ತಿ ಹಾರುತ್ತದೆ, ಹಾಳೆ ಹರಿಯುತ್ತದೆ.

ಹಿಂದಿನ ಕೋಣೆಯಲ್ಲಿ ಕೂರುವವಳು ನನ್ನ ನಾದಿನಿ ಗುಲಾಬಿ. ಅವಳನ್ನು ಹೊಸನಗರದ ಆಚೆ, ನಗರ ಎಂಬ ಊರಿನ ಕೋಟೆಯ ಹತ್ತಿರ ಕೊಟ್ಟಿತ್ತು. ಗಂಡ ಹೋದ ಮೇಲೆ ಒಂದು ಟ್ರಂಕು, ಒಂದು ಟಿವಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಟ್ರಂಕಿನಲ್ಲಿ ಏನಿತ್ತೋ ನಾನು ನೋಡಿಲ್ಲ. ಟಿವಿಯಲ್ಲಿ ಏನಿತ್ತು ಎಂಬುದನ್ನು ಇಡೀ ಓಣಿ ಕೇಳಿದೆ. ಅವಳಿಗೆ ಕಿವಿ ಮಂದ. ಹಾಗೆಂದು ಅವಳ ಎದುರು ಹೇಳುವಂತಿಲ್ಲ. "ನನ್ ಕಿವಿ ಸರೀಗೇ ಇದೆ ಅತ್ತಿಗೆ. ನೀವೆಲ್ಲ ಬಾಯೊಳಗೇ ಮಾತಾಡೋದು. ನಗರದಲ್ಲಿ ಜನ ಬಾಯಿ ಬಿಟ್ಟು ಮಾತಾಡ್ತಿದ್ರು," ಅನ್ನುತ್ತಾಳೆ. ಪಿಸುಗುಡುವ ಧಾರಾವಾಹಿಗಾಗಿ ಅವಳು ಸದ್ದು ಹೆಚ್ಚಿಸುತ್ತಾಳೆ, ಆ ಹೆಚ್ಚಿಸಿದ ಸದ್ದಿನ ಹೆಗಲೇರಿ ಜಾಹೀರಾತು ಬರುತ್ತದೆ.

ನನ್ನ ಗಂಡನ ಶ್ರಾದ್ಧದ ದಿನ ನಡೆದದ್ದನ್ನು ಹೇಳಿದರೆ ನೀವು ನಂಬಬೇಕು. ಪುರೋಹಿತರು ನನ್ನ ಮಗನ ಕೈಯಲ್ಲಿ ಪಿಂಡ ಎತ್ತಿಸಿ ಅಜ್ಜ ಮುತ್ತಜ್ಜರ ಹೆಸರು ಹೇಳಿಸುತ್ತಿದ್ದರು. ಗುಲಾಬಿ ವಾರ್ತೆ ಎಷ್ಟಕ್ಕೆ ಎಂದು ನೋಡಲಿಕ್ಕೆ ಟಿವಿ ಹಾಕಿದ್ದೇ ತಡ, ತಲೆಗೂದಲಿನ ಬಣ್ಣದವನು ಕೂಗಿಕೊಂಡ. ಪುರೋಹಿತರ ಬಾಯಿಂದ ಮಂತ್ರ ಬಿದ್ದುಹೋಯಿತು. ಎಲ್ಲಿ ನಿಂತಿದ್ದೆ ಎಂದು ನೆನಪಾಗದೆ ಪಾಪ, ಅವರು ಮೊದಲಿಂದ ಶುರುಮಾಡಿದರು. ಆ ವರ್ಷ ನನ್ನ ಗಂಡನಿಗೆ ಎರಡು ಸಲ ಊಟ. ಬದುಕಿದ್ದಾಗಲೂ ಎರಡನೇ ಸಲ ಬಡಿಸಿದರೆ ಬೇಡ ಅಂದವರಲ್ಲ, ಅದಕ್ಕೆ ನಾನು ಸುಮ್ಮನಿದ್ದೆ.

ಆದರೆ ಬೆಂಡಿನ ವಿಷಯದಲ್ಲಿ ಸುಮ್ಮನಿರಲಿಕ್ಕಾಗಲಿಲ್ಲ. ಹಾಳೆ ಹರಿಯುವುದು ಹೆಚ್ಚಾಗುತ್ತಾ ಬಂತು. ಹರಿದ ಹಾಳೆಗಳಿಗೆಲ್ಲ ನಾನು ಹೆಸರಿಟ್ಟೆ. ಇದು ಎಣ್ಣೆಯವನು ಹರಿದದ್ದು, ಇದು ಚಿನ್ನದವನು ಹರಿದದ್ದು, ಈ ಉದ್ದಕ್ಕೆ ಸೀಳಿದ್ದು ಮೂರು ಸಲ ಬಂದು ಹೋದ ಕುಕ್ಕರಿನವಳು ಎಂದು ಸೊಸೆಗೆ ತೋರಿಸುತ್ತಿದ್ದೆ. ಸೊಸೆ ಸುಧಾ ಪಕ್ಕದಲ್ಲಿ ಕೂತು ಹೂವು ಕತ್ತರಿಸುವವಳು, ಗೋಂದು ಹಚ್ಚುವವಳು. ಕತ್ತಿಯನ್ನು ಮಾತ್ರ ನಾನು ಅವಳ ಕೈಗೆ ಕೊಟ್ಟಿರಲಿಲ್ಲ. ಒಂದು ಕಣ್ಣು ಟಿವಿಯ ಕಡೆ ಇಟ್ಟವಳಿಗೆ ಹಾಳೆ ಬರುವುದಿಲ್ಲ ಎಂಬುದು ನನ್ನ ಲೆಕ್ಕ. ಅವಳು ಒಂದು ದಿನ, "ಅತ್ತೆ, ಪೇಟೇಲಿ ಥರ್ಮಾಕೋಲಿನ ಬಾಸಿಂಗ ಬಂದಿದೆ. ಲೈಟೂ ಹತ್ತತದಂತೆ. ನಾವು ಅದ್ನೇ ತಂದು ಮಾರಿದ್ರೆ ಹೇಗೆ?" ಅಂದಳು. "ಲೈಟು ಹತ್ತೋದಾದ್ರೆ ಮದುಮಗ ಯಾಕೆ? ಕಂಬಕ್ಕೇ ಕಟ್ಟಿ," ಅಂದೆ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಹರಿದ ಹಾಳೆಗಳನ್ನು ಒಟ್ಟುಮಾಡಿ ಬುಟ್ಟಿಗೆ ಹಾಕುವಾಗ ನನ್ನನ್ನು ಒಂದು ಥರಾ ನೋಡುತ್ತಿದ್ದಳು, ಅಷ್ಟೆ.

ನಾನು ಕೈಕಟ್ಟಿ ಕೂತಿರಲಿಲ್ಲ. ಮೊದಲು ಕೇಬಲ್ಲಿನ ಹುಡುಗನನ್ನು ಹಿಡಿದೆ. "ಏನೋ, ಅಡ್ವಟೈಸಿಗೆ ಮಾತ್ರ ಯಾಕೋ ಅಷ್ಟು ಸೌಂಡು ಬಿಡ್ತೀಯಾ?" ಎಂದು ಕೇಳಿದರೆ, "ಅಜ್ಜಿ, ನಾವು ಬಿಡೋದು ಒಂದೇ ಸೌಂಡು. ಅವ್ರೇ ಜೋರು ಮಾಡಿ ಕಳಿಸ್ತಾರೆ," ಅಂದ. ಹಾಗಾದರೆ ಅವರ ನಂಬರು ಕೊಡು ಅಂದೆ. ಪುಣ್ಯಾತ್ಮ ಯಾವುದೋ ನಂಬರು ಒತ್ತಿ ಫೋನು ನನ್ನ ಕಿವಿಗೆ ಹಿಡಿದ. ಅದರೊಳಗಿನ ಹುಡುಗಿ ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ಎರಡು ಒತ್ತಿ ಎಂದು ಒತ್ತಿಸಿಕೊಂಡು, ದಯವಿಟ್ಟು ಕಾಯಿರಿ ಅಂದಳು. ಕಾದೆ. ಕಾಯುವವರಿಗೆ ಬೇಸರ ಬರಬಾರದು ಅಂತ ಕಿವಿಯೊಳಗೇ ಒಂದು ಜಾಹೀರಾತು ಬಿಟ್ಟರು. ಫೋನು ಕೆಳಗೆ ಬಿತ್ತು. ಹುಡುಗ ಅದನ್ನು ಅಂಗಿಗೆ ಒರೆಸಿಕೊಂಡು ಹೋದವನು ನಮ್ಮ ಓಣಿಗೆ ಬರುವುದನ್ನೇ ಕಡಿಮೆ ಮಾಡಿದ.

ಆಮೇಲೆ ಟಿವಿಗೆ ಕಂಬಳಿ ಹೊದಿಸಿದೆ. ಸದ್ದು ಕಂಬಳಿಯೊಳಗಿಂದ ಭೂತ ಮಾತಾಡಿದ ಹಾಗೆ ಬರತೊಡಗಿತು, ಜೊತೆಗೆ ಚಿತ್ರವೂ ಕಾಣದು. ನನ್ನ ಮಗ ಬಸ್ಸಿನ ಕಂಡಕ್ಟರು. ಡ್ಯೂಟಿಯಿಂದ ಬಂದವನು ಬಿಸಿಯಾದ ಕಂಬಳಿ ನೋಡಿ, "ಅಮ್ಮ, ಮನೆ ಸುಡ್ತೀಯಾ?" ಎಂದು ಬೈದ. ನನ್ನ ಕಿವಿಗೇ ಹತ್ತಿ ತುರುಕಿಕೊಂಡು ನೋಡಿದೆ. ಗಿರಾಕಿ ಬಂದು ಮಾತಾಡಿಸಿ ಮಾತಾಡಿಸಿ, ಮುದುಕಿಗೆ ಜಂಬ ಬಂದಿದೆ ಎಂದುಕೊಂಡು ಹೋದ.

ಕೊನೆಗೆ ಗುಲಾಬಿಯ ಜೊತೆಗೇ ಒಪ್ಪಂದ ಮಾಡಿಕೊಳ್ಳೋಣ ಅಂದುಕೊಂಡೆ. ರಿಮೋಟಿನಲ್ಲಿ ಸದ್ದು ಪೂರ್ತಿ ನಿಲ್ಲಿಸುವ ಗುಂಡಿಯೊಂದಿದೆ ಎಂದು ಸುಧಾ ತೋರಿಸಿಕೊಟ್ಟಳು. ಅದಕ್ಕೆ ಕುಂಕುಮದ ಬೊಟ್ಟು ಇಟ್ಟೆ. "ಗುಲಾಬಿ, ಅಡ್ವಟೈಸು ಬಂತೋ ಇದನ್ನ ಒತ್ತೋದು. ಹೋಯ್ತೋ ಮತ್ತೆ ಒತ್ತೋದು. ತಿಳೀತಾ?" ಎಂದು ಕೂಗಿ ಹೇಳಿದೆ. ಅವಳು ತಲೆಯಾಡಿಸಿದಳು. ಮರುದಿನ ನೋಡಿದರೆ ಧಾರಾವಾಹಿ ಬರುವಾಗ ಗುಂಡಿ ಒತ್ತಿ ಮೂಕಚಿತ್ರ ನೋಡುತ್ತಿದ್ದಾಳೆ, ಜಾಹೀರಾತು ಬಂದಾಗ ಬಿಡುತ್ತಿದ್ದಾಳೆ! "ಹುಚ್ಚಿ, ತಿರುಗಾಮುರುಗಾ ಮಾಡಿದ್ಯಲ್ಲೇ!" ಎಂದು ರೇಗಿದೆ. ಅವಳು ಟಿವಿಯಿಂದ ಕಣ್ಣು ತೆಗೆಯದೆ, "ಅತ್ತಿಗೆ, ಧಾರಾವಾಹೀಲಿ ಅವ್ರ ಮುಖ ನೋಡಿದ್ರೆ ಯಾರು ಯಾರನ್ನ ಹಾಳು ಮಾಡ್ತಾರೆ ಅಂತ ಗೊತ್ತಾಗ್ತದೆ. ನಂಗೆ ಸಮಾ ಕೇಳೋದು ಇದೊಂದೇ," ಅಂದಳು. ಬಕೆಟ್ಟು ಬಡಿಯುವವರ ಹಾಡನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿಯೂ ಬಿಟ್ಟಳು. ಒಪ್ಪಂದ ಅಲ್ಲಿಗೆ ಮುರಿಯಿತು.

ಹೀಗಿರುವಾಗ ಅರಳಸುರಳಿ ಕಡೆಯ ಭಟ್ಟರ ಮನೆಯ ಮದುವೆ ಬಂತು. ತೀರ್ಥಹಳ್ಳಿ ತಾಲೂಕಿನ ಆ ಮನೆಗೆ ನನ್ನ ಅತ್ತೆಯ ಕಾಲದಿಂದ ನಮ್ಮಲ್ಲೇ ಬಾಸಿಂಗ. ಭಟ್ಟರು ತಿಂಗಳ ಮೊದಲೇ ವೀಳ್ಯ ಕೊಟ್ಟು ಹೇಳಿ ಹೋಗಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, ತಮ್ಮ ಹವ್ಯಕ ಮಾತಿನಲ್ಲಿ, "ಅಮ್ಮ, ವಯಸ್ಸಾತು ನಿಂಗಕ್ಕೆ. ಕಷ್ಟ ಆಗ್ತು ಅಂದ್ರೆ ಈಗ್ಲೇ ಹೇಳಿ, ಎಂಗೊ ಪೇಟೇದೇ ತಗತ್ಯ. ಮನೇಲಿ ಹುಡುಗ್ರು ಅದೇ ಬೇಕು ಹೇಳ್ತಾ ಇದ್ದ," ಅಂದರು. ನನಗೆ ಮೈ ಉರಿಯಿತು. "ಭಟ್ರೇ, ನನಗೆ ವಯಸ್ಸಾಗಿದ್ದು ಕಾಲಿಗೆ. ಕೈಗಲ್ಲ," ಅಂದೆ. ಆ ಮನೆ ಒಂದು ಥರ್ಮಾಕೋಲಿಗೆ ಹೋಯಿತೆಂದರೆ ಅದರ ಹಿಂದೆ ಅವರ ನೆಂಟರೂ ಹೋಗುತ್ತಾರೆ. ಆಮೇಲೆ ನಾನು ಮುಂದಿನ ಕೋಣೆಯಲ್ಲಿ ಕೂತು ಮಾಡುವುದೇನು, ಗುಲಾಬಿಯ ಪಕ್ಕ ಕೂತು ಬಕೆಟ್ಟಿನ ಹಾಡು ಕಲಿಯಬೇಕು. ಎಪ್ಪತ್ತೊಂದಕ್ಕೇ ಅದಕ್ಕೆ ಇಳಿಯಲಿಕ್ಕೆ ನಾನು ತಯಾರಿರಲಿಲ್ಲ.

ಮದುಮಗಳ ಬಾಸಿಂಗ ಹೇಗೋ ಮುಗಿಯಿತು. ಮದುಮಗನದ್ದಕ್ಕೆ ಹೂವು, ಗೋಪುರ, ಹೊಳೆಯುವ ಬೇಗಡೆ ಕಾಗದ ಎಲ್ಲ ತಯಾರು, ಹಣೆಪಟ್ಟಿಯೊಂದು ಬರಲೊಲ್ಲದು. ತೆಗೆದದ್ದೆಲ್ಲ ಹರಿಯಿತು. ಒಂದು ಎಣ್ಣೆಯವನಿಗೆ ಹೋಯಿತು, ಒಂದು ತಾಯಿತದವನಿಗೆ. ಬೆಂಡು ಕೇಳಿದಾಗ ಪೇಟೆಯಲ್ಲಿ ಸಿಗುವ ಸಾಮಾನಲ್ಲ, ಆ ವರ್ಷದ ದಾಸ್ತಾನು ಮುಗಿಯುತ್ತಾ ಬಂದಿತ್ತು. ಮದುವೆ ನಾಳೆ ಅನ್ನುವಾಗ ಪಟ್ಟಿಗೆ ಸಾಲುವಷ್ಟು ದಪ್ಪ ದಿಂಡು ಉಳಿದದ್ದು ಎರಡೇ. ಅವತ್ತು ಮಧ್ಯಾಹ್ನ ಭಟ್ಟರು ಸಾಗರದಲ್ಲಿ ಬೇರೆ ಸಾಮಾನು ತೆಗೆದುಕೊಂಡು, ಬಾಸಿಂಗ ಒಯ್ಯಲಿಕ್ಕೆ ನಮ್ಮಲ್ಲಿಗೂ ಬಂದರು. ಕುರ್ಚಿಯ ಮೇಲೆ ಕೂತು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, "ಆಯ್ದಾ ಅಮ್ಮ?" ಅಂದರು.

"ಪಟ್ಟಿ ಒಂದು ಬಾಕಿ. ನಿಮ್ಮೆದುರಿಗೇ ತೆಗೀತೀನಿ, ಕೂತ್ಕಳಿ," ಅಂದೆ. ಒಳಗೆ ತಿರುಗಿ, "ಸುಧಾ, ಟಿವಿ ಪ್ಲಗ್ಗು ಕೀಳು! ಮಿಕ್ಸಿ ಹಾಕ್ಬೇಡ. ನಿನ್ ಮೊಬೈಲು ಬಾಯಿ ಮುಚ್ಚಿಸು," ಎಂದು ಕೂಗಿದೆ. ಫ್ಯಾನು ಆರಿಸಿದೆ, ಬೀದಿಯ ಬಾಗಿಲು ಎಳೆದೆ. ಭಟ್ಟರಿಗೂ ಹೇಳಿದೆ, "ಇವತ್ತು ನೋಡಿ, ಅಡ್ವಟೈಸಿನ ಕಾಟ ಇಲ್ದಿದ್ರೆ ನನ್ ಕೈ ಹೆಂಗೆ ನಡೀತದೆ ಅಂತ." ಗುಲಾಬಿ ಆರಿದ ಟಿವಿಯ ಮುಂದೆ ಏನೂ ತಿಳಿಯದೆ ಒಂದು ಗಳಿಗೆ ಕೂತಿದ್ದವಳು, ನಡುಬಾಗಿಲಿಗೆ ಬಂದು ನಮ್ಮನ್ನೇ ನೋಡುತ್ತಾ ನಿಂತಳು. ಟಿವಿ ಇಲ್ಲದಿದ್ದರೆ ಮನುಷ್ಯರಾದರೂ ಆದೀತು ಎಂಬ ಮುಖ.

ನಮ್ಮ ಮನೆಯಲ್ಲಿ ಅಷ್ಟು ಮೌನ ನಾನು ಕೇಳಿದ್ದೇ ಇಲ್ಲ. ನನ್ನ ಮಾವ ಇದೇ ಕೋಣೆಯಲ್ಲಿ ಮರ ಕೆತ್ತುತ್ತಿದ್ದರು, ಉಳಿಯ ಸದ್ದು ನಿಂತರೆ ಅವರ ಬೈಗುಳ ಶುರು. ಅವರ ನಂತರ ನನ್ನ ಗಂಡನ ಗೊರಕೆ, ಮಗನ ರಗಳೆ, ಕೊನೆಗೆ ಟಿವಿ. ಅವತ್ತು ಎಲ್ಲವೂ ಸತ್ತ ಹಾಗೆ. ಗಡಿಯಾರ ಕೇಳಿಸಿತು. ಭಟ್ಟರ ಹೊಟ್ಟೆ ಗುಡುಗುಡು ಅಂದದ್ದೂ ಕೇಳಿಸಿತು. ನನ್ನ ಮೂಗಿನಿಂದ ಉಸಿರು ಹೋಗಿ ಬರುವುದು ಸಾಮಿಲ್ಲಿನ ಗರಗಸದ ಹಾಗೆ ಕೇಳಿಸಿತು. ದಿಂಡು ಹಲಗೆಯ ಮೇಲಿಟ್ಟೆ, ಕತ್ತಿ ತಾಗಿಸಿದೆ, ಉರುಳಿಸಿದೆ. ಹಾಳೆ ಬಂತು. ಬೆಳ್ಳಗೆ, ಚಂದವಾಗಿ, ಒಂದು ಗೇಣು ಬಂತು. ಎರಡನೇ ಗೇಣಿಗೆ ಕತ್ತಿ ತನ್ನಷ್ಟಕ್ಕೆ ತಾನೇ ಕೆಳಗೆ ಇಳಿಯಿತು. ಸರ್ರನೆ ಹರಿಯಿತು.

ಸುಧಾ ನೆಲ ನೋಡಿದಳು. ಭಟ್ಟರು ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಮುಖ್ಯವಾದದ್ದನ್ನು ಹುಡುಕತೊಡಗಿದರು. ಆಗ ನಡುಬಾಗಿಲಿನಿಂದ ಗುಲಾಬಿ, ತನಗೆ ಕೇಳುವ ಗಂಟಲಿನಲ್ಲಿ, ನಿಜವಾದ ಕನಿಕರದಿಂದ ಕೇಳಿದಳು:

"ಯಾವ ಅಡ್ವಟೈಸು ಬಂತು ಅತ್ತಿಗೆ?"

ಭಟ್ಟರು ಟವೆಲನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಸುಧಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಬೆವರಿಲ್ಲದಿದ್ದರೂ. ನಾನು ನನ್ನ ಕೈ ನೋಡಿಕೊಂಡೆ. ಕತ್ತಿಯ ತುದಿ ಸಣ್ಣಗೆ ಅಲುಗುತ್ತಿತ್ತು. ಎಣ್ಣೆಯವನಿಲ್ಲ, ಚಿನ್ನದವನಿಲ್ಲ, ಕಕ್ಕಸಿನವನ ಸುದ್ದಿಯೇ ಇಲ್ಲ, ಆದರೂ ಅಲುಗುತ್ತಿತ್ತು. ಎಷ್ಟು ದಿನದಿಂದ ಅಲುಗುತ್ತಿತ್ತೋ, ಆ ಬೊಬ್ಬೆಯಲ್ಲಿ ನೋಡಿಕೊಂಡವರು ಯಾರು?

ಭಟ್ಟರು ಒಳ್ಳೆಯ ಮನುಷ್ಯ. ಟವೆಲು ಮಡಿಸಿ ಹೆಗಲಿಗೆ ಹಾಕಿಕೊಂಡು, ಕಿಸೆಯಿಂದ ಫೋನು ತೆಗೆದರು. "ಪರವಾಗಿಲ್ಲೆ ಅಮ್ಮ. ಬೇಜಾರು ಮಾಡ್ಕಳಡಿ. ತೀರ್ಥಳ್ಳೀಲಿ ರೆಡಿಮೇಡು ಇದ್ದಡ, ಹೋಗ್ತಾ ತಗಂಡು ಹೋಗ್ತೆ. ಮದುಮಗಳಿಗೆ ನಿಮ್ದೇ ಆತು, ಮಾಣಿಗೆ ಅದಾತು." ಬೈದಿದ್ದರೆ ನಾನೂ ಬೈಯುತ್ತಿದ್ದೆ. ಹೀಗೆ ಮರ್ಯಾದೆಯಿಂದ ಹೇಳುವವರ ಹತ್ತಿರ ಜಗಳ ಕಾಯುವುದು ಕಷ್ಟ. ಒಂದು ಮದುವೆಯಲ್ಲಿ ಹೆಣ್ಣಿಗೆ ಬೆಂಡು, ಗಂಡಿಗೆ ಥರ್ಮಾಕೋಲು. ಗಂಡಿನ ಹಣೆಯ ಮೇಲೆ ಲೈಟು ಬೇರೆ ಮಿಣಮಿಣ. ಎಣಿಸಿಕೊಂಡೇ ನನಗೆ ತಲೆ ಕೆಟ್ಟಿತು.

"ಫೋನು ಒಳಗಿಡಿ ಭಟ್ರೇ," ಅಂದೆ. ಉಳಿದ ಒಂದು ದಿಂಡನ್ನೂ ಕತ್ತಿಯನ್ನೂ ಸುಧಾಳ ಮುಂದೆ ಹಿಡಿದೆ. "ತಗಾ. ನೀನು ತೆಗಿ."

ಅವಳು ಎರಡು ಹೆಜ್ಜೆ ಹಿಂದೆ ಹೋದಳು. "ನಾನಾ? ಈ ಮನೆಗೆ ಬಂದಾಗಿಂದ ಈ ಕತ್ತಿ ಮುಟ್ಟೋಕೆ ಬಿಟ್ಟಿದೀರಾ ನೀವು?"

"ಈಗ ಬಿಟ್ಟೆನಲ್ಲ. ಭಾಷಣ ಆಮೇಲೆ ಮಾಡು."

"ಹರಿದ್ರೆ?"

"ಹರಿದ್ರೆ ನಾನು ಹರಿದಿದ್ದಕ್ಕಿಂತ ಹೊಸ ಥರಾ ಏನೂ ಹರಿಯಲ್ಲ. ಕೂತ್ಕಾ."

ಅವಳು ಹಲಗೆಯ ಮುಂದೆ ಕೂತಳು. ಕತ್ತಿ ಹಿಡಿದ ರೀತಿ ನೋಡಿದರೆ ಮೊದಲ ಸಲ ಹಿಡಿದವಳ ಹಾಗೆ ಕಾಣಲಿಲ್ಲ. ನಾನು ದಿಟ್ಟಿಸಿ ನೋಡಿದ್ದಕ್ಕೆ ತಲೆ ತಗ್ಗಿಸಿ, "ಮಧ್ಯಾಹ್ನ ನೀವು ಮಲಗಿದಾಗ ತುಂಡು ಬೆಂಡಲ್ಲಿ ತೆಗ್ದು ನೋಡ್ತಿದ್ದೆ," ಅಂದಳು. "ಕಳ್ಳಿ," ಅಂದೆ. ಬೇರೆ ದಿನವಾಗಿದ್ದರೆ ಅದಕ್ಕೇ ಒಂದು ವಾರ ರಾಮಾಯಣವಾಗುತ್ತಿತ್ತು. ಅವಳು ದಿಂಡನ್ನು ಹಲಗೆಯ ಮೇಲಿಟ್ಟು, ಉರುಳಿಸದೆ ಸುಮ್ಮನೆ ಕೂತಳು. ಹಣೆಯಲ್ಲಿ ಈಗ ನಿಜವಾದ ಬೆವರು. "ಅತ್ತೆ, ಟಿವಿ ಹಾಕಿ."

"ಏನಂದೆ?"

"ಟಿವಿ ಹಾಕಿ. ಇಷ್ಟು ಸುಮ್ನಿದ್ರೆ ನಂಗೆ ಹೆದ್ರಿಕೆ ಆಗ್ತದೆ. ನಾನು ತೆಗ್ದಿದ್ದೆಲ್ಲ ಟಿವಿ ಸೌಂಡಲ್ಲೇ."

ಆ ಪ್ಲಗ್ಗನ್ನು ನನ್ನ ಕೈಯಾರೆ ಗೋಡೆಗೆ ಚುಚ್ಚಿದೆ. ಜನ್ಮದಲ್ಲಿ ನನಗೆ ಅಷ್ಟು ಅವಮಾನದ ಕೆಲಸ ಇನ್ನೊಂದಿರಲಿಲ್ಲ. ಗುಲಾಬಿ ಇಟ್ಟಿದ್ದ ಸದ್ದಿನಲ್ಲೇ ಅದು ಎಚ್ಚರವಾಯಿತು. ಅಷ್ಟು ಹೊತ್ತಿನ ಹಸಿವು ತೀರಿಸಿಕೊಳ್ಳುವ ಹಾಗೆ ಬಕೆಟ್ಟಿನ ಹೆಂಗಸರು ನೇರ ಮನೆಯೊಳಗೇ ಬಂದು ಕುಣಿಯತೊಡಗಿದರು. ಕುರ್ಚಿಯ ಮೇಲಿದ್ದ ಭಟ್ಟರು ಬೆಚ್ಚಿ ಅರ್ಧ ಎದ್ದರು. ಸುಧಾ ಬೆಚ್ಚಲಿಲ್ಲ. ಕೊಳೆ ಹೋಯಿತು ಕೊಳೆ ಹೋಯಿತು ಎಂಬ ತಾಳಕ್ಕೆ ಸಣ್ಣಗೆ ತಲೆಯಾಡಿಸುತ್ತಾ, ತುಟಿಯಲ್ಲೇ ಹಾಡಿಕೊಳ್ಳುತ್ತಾ ದಿಂಡು ಉರುಳಿಸಿದಳು. ಹಾಳೆ ಬಂತು. ಗೇಣಾಯಿತು, ಎರಡಾಯಿತು. ನಾನು ಹರಿದ ಜಾಗ ದಾಟುವಾಗ ಹರಿಯಲಿ ಎಂದು ಒಂದು ಕ್ಷಣ ನನ್ನ ಮನಸ್ಸಿಗೆ ಬಂದದ್ದು ಸುಳ್ಳಲ್ಲ. ಮರುಕ್ಷಣಕ್ಕೆ ಉಸಿರು ಬಿಗಿ ಹಿಡಿದಿದ್ದೂ ನಾನೇ. ಬಕೆಟ್ಟಿನವರು ಹೋಗಿ ಎಣ್ಣೆಯವನು ಬಂದ, ಎಣ್ಣೆಯವನು ಹೋಗಿ ಕಕ್ಕಸಿನವನು ಗರ್ಜಿಸಿದ. ಹಾಳೆ ಅವಳ ಮಡಿಲಿಗೆ ಮಡಿಕೆ ಮಡಿಕೆಯಾಗಿ ಬಿದ್ದು, ದಿಂಡು ಬೆರಳ ಗಾತ್ರಕ್ಕೆ ಬಂದು ನಿಂತಿತು. ಎತ್ತಿ ಬೆಳಕಿಗೆ ಹಿಡಿದೆ. ಒಂದು ಸೀಳಿಲ್ಲ.

ಗುಲಾಬಿ ಚಪ್ಪಾಳೆ ತಟ್ಟಿದಳು. ಹಾಳೆಗೋ, ಟಿವಿ ಬಂದಿದ್ದಕ್ಕೋ ನಾನು ಕೇಳಲಿಲ್ಲ. ಭಟ್ಟರು ಫೋನನ್ನು ಕಿಸೆಗೆ ಹಾಕಿಕೊಂಡು, "ಆಸ್ರಿಂಗೆ ಎಂತಾರೂ ಇದ್ದನೇ ತಂಗಿ?" ಎಂದು ಸುಧಾಳನ್ನು ಕೇಳಿದರು. ಈ ಮನೆಯಲ್ಲಿ ಅವರು ಅದುವರೆಗೆ ಕೇಳುತ್ತಿದ್ದದ್ದು ನನ್ನನ್ನು. ಕುಡಿಯಲಿಕ್ಕೆ ಮಜ್ಜಿಗೆ ನಾನೇ ತಂದುಕೊಟ್ಟೆ. ಕತ್ತಿ ಹಿಡಿದವಳನ್ನು ಎಬ್ಬಿಸುವುದು ನಮ್ಮ ಕಸುಬಿನಲ್ಲಿ ಕ್ರಮವಲ್ಲ.

ಗೋಂದು ಒಣಗದೆ ಬಾಸಿಂಗ ಹೊರಗೆ ಕೊಡುವ ಹಾಗಿಲ್ಲ, ನಾಳೆ ಮೊದಲ ಬಸ್ಸಿಗೆ ನಾವೇ ತರುತ್ತೇವೆ ಎಂದು ಹೇಳಿ ಭಟ್ಟರನ್ನು ಕಳಿಸಿದೆವು. ಸಂಜೆಯೊಳಗೆ ಪಟ್ಟಿ ಕೂರಿಸಿ, ಬೇಗಡೆ ಹಚ್ಚಿ ಮುಗಿಸಿದೆವು. ಅಂದರೆ ಸುಧಾ ಮುಗಿಸಿದಳು, ನಾನು ಗೋಂದಿನ ಬಟ್ಟಲು ಹಿಡಿದುಕೊಂಡು ತಪ್ಪು ಹುಡುಕಿದೆ. ಸಿಗಲಿಲ್ಲ. ಅದೂ ಒಂದು ಸಿಟ್ಟು.

ಮರುದಿನ ಬೆಳಿಗ್ಗೆ ನಾನೂ ಸುಧಾಳೂ ಬಸ್ಸು ಹತ್ತಿದೆವು. ಬಾಸಿಂಗದ ಪೆಟ್ಟಿಗೆಯನ್ನು ಮಡಿಲಲ್ಲಿ ನಾನೇ ಇಟ್ಟುಕೊಂಡೆ, ಅಷ್ಟಾದರೂ ಬೇಡವೇ. ಮದುವೆಮನೆಯಲ್ಲಿ ಭಟ್ಟರ ಅಕ್ಕ ಕನ್ನಡಕ ಏರಿಸಿಕೊಂಡು, ಹರಿವಾಣದಲ್ಲಿದ್ದ ಎರಡೂ ಬಾಸಿಂಗವನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಮದುಮಗನದ್ದನ್ನು ಹಿಡಿದುಕೊಂಡು, "ಎಂಥ ಕೈಯೇ ನಿಂದು! ಈ ವಯಸ್ಸಲ್ಲೂ ಒಂಚೂರೂ ಬದಲಾಯ್ದಿಲ್ಲೆ," ಅಂದರು. ಸುತ್ತ ನಿಂತ ಹೆಂಗಸರೆಲ್ಲ ಹೌದು ಹೌದು ಅಂದರು. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸುಳ್ಳು ಹೊಗಳಿಕೆ ನನಗೆ ಗಂಟಲಿಳಿಯುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ. "ಅದು ನಾನು ಮಾಡಿದ್ದಲ್ಲ. ಇವಳು ಮಾಡಿದ್ದು," ಎಂದು ಸುಧಾಳನ್ನು ಮುಂದೆ ತಳ್ಳಿದೆ.

ಅಕ್ಕ ಕನ್ನಡಕದ ಮೇಲಿನಿಂದ ಸುಧಾಳನ್ನು ನೋಡಿದರು. ಆಮೇಲೆ ಬಾಸಿಂಗವನ್ನು ಇನ್ನೊಮ್ಮೆ ನೋಡಿದರು. ಈ ಸಲ ನೋಡಿದ್ದು ಬೇರೆ ಥರಾ.

"ಹೌದನೇ? ಹಂಗೇ ಹೇಳಿ ಅಂದ್ಕಂಡಿ. ಈ ಬದಿ ಒಂಚೂರು ವಾರೆ ಇದ್ದು ನೋಡು."

ಸುಧಾಳ ಮುಖ ಇಳಿಯಿತು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ವಾರೆಯೂ ಇಲ್ಲ, ಎಂಥದೂ ಇಲ್ಲ. ಅಕ್ಕನ ಕೈಯಿಂದ ಬಾಸಿಂಗ ತೆಗೆದುಕೊಂಡು ಹರಿವಾಣದಲ್ಲಿಟ್ಟೆ.

"ಅದು ಅವಳ ಕೈಯಲ್ಲ ಅಮ್ಮ," ಅಂದೆ. "ಪಟ್ಟಿ ತೆಗೆಯೋ ಹೊತ್ತಿಗೆ ಸರಿಯಾಗಿ ಟಿವೀಲಿ ಆ ಹಾಳು ಅಡ್ವಟೈಸು ಬಂತು."